ವೆಂಟಿಲೇಟರ್ ಮೇಲಿರುವ ಕೂಸಿನ ತಲೆಗೆ ರಕ್ತ ಸರಿಯಾಗಿ ಹೋಗುತ್ತಿದೆಯೇ? ನೋಡುವುದು ಹೀಗೆ

ರಾತ್ರಿ ಎರಡು ಗಂಟೆ. 27 ವಾರಕ್ಕೇ ಹುಟ್ಟಿದ, 900 ಗ್ರಾಂ ತೂಗುವ ಕೂಸು ವೆಂಟಿಲೇಟರ್ ಮೇಲಿದೆ. ಸ್ಯಾಚುರೇಶನ್ 93, ಹಾರ್ಟ್ ರೇಟ್ 150, ಯಾವ ಅಲಾರಂ ಕೂಡ ಹೊಡೆಯುತ್ತಿಲ್ಲ. ಸಿಸ್ಟರ್ ಚಾರ್ಟ್ ಬರೆಯುತ್ತಿದ್ದಾರೆ. ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತದೆ, ಅಲ್ವಾ? ಆದರೆ ಪರದೆ ಮೇಲಿನ ಅಷ್ಟು ಅಂಕಿಗಳಲ್ಲಿ ಒಂದೂ ಕೂಸಿನ ತಲೆಯೊಳಗೆ ರಕ್ತ ಎಷ್ಟು ಹರಿಯುತ್ತಿದೆ ಅಂತ ಹೇಳುವುದಿಲ್ಲ. ಅದನ್ನು ನಾವೇ ಹುಡುಕಿಕೊಂಡು ಹೋಗಿ ನೋಡಬೇಕು.

ನಾನು ವಿಜಯಪುರದ ಕಡೆಯವನು. ಪುಣೆಯಲ್ಲಿ ನವಜಾತ ಶಿಶುಗಳ ಡಾಕ್ಟರ್. ಪ್ರತಿ ವರ್ಷ ಬೆಳಗಾವಿ, ಕಲಬುರಗಿ, ಹುಬ್ಬಳ್ಳಿ ಕಡೆಯಿಂದ ಒಂದಿಬ್ಬರಾದರೂ ರೆಸಿಡೆಂಟ್‌ಗಳು, ಸಿಸ್ಟರ್‌ಗಳು ಇಲ್ಲಿನ ಎನ್‌ಐಸಿಯುಗಳಿಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಕೆಲಸಕ್ಕೆ ಬರುತ್ತಾರೆ. ವಾರ್ಡಿನಲ್ಲಿ ಮರಾಠಿ, ಹಿಂದಿ; ಪುಸ್ತಕದಲ್ಲಿ ಇಂಗ್ಲಿಷ್. ಕೊನೆಗೆ ಆಸ್ಪತ್ರೆ ಎದುರಿನ ಚಹಾ ಟಪರಿಯಲ್ಲಿ ನಿಂತು ಕನ್ನಡದಲ್ಲಿ ಕೇಳುತ್ತಾರೆ: "ಸರ್, ಆರ್‌ಐ ಅಂದರೆ ನಿಜಕ್ಕೂ ಏನು? ನಿರ್ಸ್ ಇಳಿದರೆ ಮೊದಲು ಏನು ನೋಡಬೇಕು?" ಆರ್‌ಐ ಅಂದರೆ ಮೆದುಳಿನ ನಾಳದ ಹರಿವಿನಿಂದ ಲೆಕ್ಕ ಹಾಕುವ ಒಂದು ಅನುಪಾತ, ನಿರ್ಸ್ ಅಂದರೆ ಬೆಳಕಿನಿಂದ ಮೆದುಳಿನ ಆಕ್ಸಿಜನ್ ಅಳೆಯುವ ಸಾಧನ. ಟಪರಿಯಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ಒಂದೇ ಕಡೆ ಬರೆದಿಡೋಣ ಅಂತ ಇದನ್ನು ಬರೆಯುತ್ತಿದ್ದೇನೆ. ಎನ್‌ಐಸಿಯುನಲ್ಲಿ ಕೆಲಸ ಮಾಡುವವರಿಗಾಗಿ ಬರೆದದ್ದು ಇದು. ನಿಮ್ಮ ಯೂನಿಟ್‌ನ ಪ್ರೋಟೋಕಾಲ್ ಬೇರೆ ಇದ್ದರೆ ಅದನ್ನೇ ಅನುಸರಿಸಿ, ಅನುಮಾನ ಬಂದಲ್ಲಿ ಸೀನಿಯರ್‌ಗಳನ್ನು ಕೇಳಿ.

ಮೊದಲು ಸಿಓಟು, ಆಮೇಲೆ ಉಳಿದದ್ದು

ಮೆದುಳಿನ ರಕ್ತನಾಳಗಳು ಸಿಓಟು (ಇಂಗಾಲದ ಡೈಆಕ್ಸೈಡ್) ಹೇಳಿದಂತೆ ಕೇಳುತ್ತವೆ. ರಕ್ತದಲ್ಲಿ ಸಿಓಟು ಏರಿದರೆ ನಾಳ ಹಿಗ್ಗುತ್ತದೆ, ರಕ್ತ ಜಾಸ್ತಿ ಹರಿಯುತ್ತದೆ. ಇಳಿದರೆ ನಾಳ ಬಿಗಿಯುತ್ತದೆ, ರಕ್ತ ಕಡಿಮೆ ಆಗುತ್ತದೆ. ಸಿಓಟು ಒಂದು ಮಿಮೀ ಪಾದರಸದಷ್ಟು ಬದಲಾದರೆ ಮೆದುಳಿನ ರಕ್ತದ ಹರಿವು ಸುಮಾರು 3ರಿಂದ 4% ಬದಲಾಗುತ್ತದೆ ಎಂಬುದು ದೊಡ್ಡವರ ಲೆಕ್ಕ. ಅವಧಿಗೆ ಮುಂಚೆ ಹುಟ್ಟಿ ವೆಂಟಿಲೇಟರ್ ಮೇಲಿರುವ ಕೂಸಿನಲ್ಲಿ ಮೊದಲ ದಿನ ಈ ಪ್ರತಿಕ್ರಿಯೆ ಮಂದವಾಗಿರುತ್ತದೆ, ದಿನ ಕಳೆದಂತೆ ಚುರುಕಾಗುತ್ತದೆ. ಇನ್ನು ಈ ಸಿಓಟು ಯಾರ ಕೈಯಲ್ಲಿದೆ? ವೆಂಟಿಲೇಟರ್ ಗುಂಡಿ ತಿರುಗಿಸುವವರ ಕೈಯಲ್ಲಿ. ಅಂದರೆ ನಾವು ಎದೆಗೆ ಅಂತ ಮಾಡುವ ಪ್ರತಿ ಬದಲಾವಣೆಯೂ ತಲೆಗೆ ಮುಟ್ಟುತ್ತದೆ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೊಂದೇ. ಮುಂದೆ ಬರುವ ಡಾಪ್ಲರ್ (ಸದ್ದಿನ ಅಲೆಯಿಂದ ರಕ್ತದ ವೇಗ ನೋಡುವುದು), ನಿರ್ಸ್ ಎಲ್ಲ ಈ ಮಾತಿಗೆ ಕಣ್ಣು ಕೊಡುವ ಸಾಧನಗಳು.

ಇದರ ಜೊತೆಗೆ ಇನ್ನೊಂದು ತೊಂದರೆ ಇದೆ. ದೊಡ್ಡವರಲ್ಲಿ ಬಿಪಿ ಸ್ವಲ್ಪ ಏರಿಳಿದರೂ ಮೆದುಳು ತನ್ನ ರಕ್ತದ ಹರಿವನ್ನು ಒಂದೇ ಸಮ ಇಟ್ಟುಕೊಳ್ಳುತ್ತದೆ. ಕಷ್ಟದಲ್ಲಿರುವ ನವಜಾತ ಶಿಶುಗಳಲ್ಲಿ ಈ ಶಕ್ತಿ ಕೈಕೊಡುತ್ತದೆ ಅಂತ 1979ರಲ್ಲೇ ಡೆನ್ಮಾರ್ಕಿನ ಹಾನ್ಸ್ ಲೌ ಮತ್ತು ಜೊತೆಗಾರರು ತೋರಿಸಿದ್ದರು. ಬಿಪಿ ಏರಿದರೆ ಹರಿವು ಏರುತ್ತದೆ, ಇಳಿದರೆ ಇಳಿಯುತ್ತದೆ, ನಡುವೆ ತಡೆಯುವವರು ಯಾರೂ ಇಲ್ಲ. ಮೆದುಳಿನ ಕುಹರಗಳ (ಒಳಗಿನ ನೀರು ತುಂಬಿದ ಪೊಳ್ಳು ಜಾಗ) ಪಕ್ಕದಲ್ಲಿ ಜರ್ಮಿನಲ್ ಮ್ಯಾಟ್ರಿಕ್ಸ್ ಅಂತ ಒಂದು ಜಾಗ ಇದೆ, ಅಲ್ಲಿನ ನಾಳಗಳು ಒದ್ದೆ ಕಾಗದದಷ್ಟು ನಾಜೂಕು, ಹರಿವು ಜಗ್ಗಾಡಿದರೆ ಅಲ್ಲೇ ಒಡೆಯುತ್ತದೆ. ಅದೇ ಐವಿಎಚ್, ಕುಹರದ ರಕ್ತಸ್ರಾವ. ಇದು ಬಹುಪಾಲು ಮೊದಲ 72 ಗಂಟೆಯೊಳಗೇ ಆಗುತ್ತದೆ. ಇನ್ನೊಂದು ಕಡೆ, ಸಿಓಟು ತೀರಾ ಇಳಿದು ಹರಿವು ಬತ್ತಿದರೆ ಕುಹರದ ಸುತ್ತಲಿನ ಬಿಳಿ ಭಾಗ ಸೊರಗುತ್ತದೆ. ಅದು ಪಿವಿಎಲ್.

ನಾನು ರೆಸಿಡೆಂಟ್ ಆಗಿದ್ದಾಗಿನ ಒಂದು ರಾತ್ರಿ ಹೇಳುತ್ತೇನೆ. ಯಾವ ಆಸ್ಪತ್ರೆ ಅಂತ ಬೇಡ. 28 ವಾರದ ಕೂಸಿಗೆ ಸರ್ಫ್ಯಾಕ್ಟಂಟ್ (ಶ್ವಾಸಕೋಶ ಅರಳಲು ಕೊಡುವ ಔಷಧಿ) ಕೊಟ್ಟೆವು. ಶ್ವಾಸಕೋಶ ಅರ್ಧ ಗಂಟೆಯಲ್ಲೇ ಮೆತ್ತಗಾಯಿತು, ಎದೆ ಚೆನ್ನಾಗಿ ಏಳತೊಡಗಿತು, ಆಕ್ಸಿಜನ್ 60%ನಿಂದ 25%ಗೆ ಇಳಿಸಿದೆವು, ಎಲ್ಲರಿಗೂ ಖುಷಿ. ಆದರೆ ಪ್ರೆಶರ್ ಇಳಿಸಲು ಮರೆತೆವು. ಮುಂದಿನ ಗ್ಯಾಸ್ (ರಕ್ತದ ಸಿಓಟು, ಆಕ್ಸಿಜನ್ ಅಳೆಯುವ ಪರೀಕ್ಷೆ) ನಾಲ್ಕು ಗಂಟೆ ಬಿಟ್ಟು ತೆಗೆದಾಗ ಸಿಓಟು 24. ನಾಲ್ಕು ವಾರದ ನಂತರದ ಸೋನೋಗ್ರಫಿಯಲ್ಲಿ ಎರಡೂ ಕಡೆ ಪಿವಿಎಲ್‌ನ ಸಣ್ಣ ಸಣ್ಣ ಗುಳ್ಳೆಗಳು ಕಂಡವು. ಆ ನಾಲ್ಕು ಗಂಟೆಯಿಂದಲೇ ಹಾಗಾಯಿತು ಅಂತ ಯಾರೂ ಹೇಳಲಾರರು, ಆ ಕೂಸಿಗೆ ಬೇರೆ ತೊಂದರೆಗಳೂ ಇದ್ದವು. ಆದರೂ ಇವತ್ತಿಗೂ ಸರ್ಫ್ಯಾಕ್ಟಂಟ್ ಕೊಟ್ಟ ಮೇಲೆ ನಾನು ಕೂಸಿನ ಪಕ್ಕದಿಂದ ಏಳುವುದಿಲ್ಲ.

ಹಾಗಾಗಿ ತಲೆ ನೋಡುವ ಮೊದಲು ಇಷ್ಟನ್ನು ಸರಿ ಮಾಡಿಕೊಳ್ಳಿ. ಸಾಧ್ಯವಿದ್ದರೆ ವಾಲ್ಯೂಮ್ ಗ್ಯಾರಂಟಿ ಮೋಡ್ (ಪ್ರತಿ ಉಸಿರಿಗೆ ಇಷ್ಟೇ ಗಾಳಿ ಅಂತ ಗೊತ್ತುಮಾಡುವುದು) ಹಾಕಿ, ಕೆಜಿಗೆ 4ರಿಂದ 5 ಮಿಲಿಯಿಂದ ಶುರು ಮಾಡಿ. ಶ್ವಾಸಕೋಶ ಮೆತ್ತಗಾದಂತೆ ಮಷಿನ್ ತಾನೇ ಪ್ರೆಶರ್ ಇಳಿಸುತ್ತದೆ, ನಮ್ಮ ಮರೆವಿಗೆ ಅದು ಒಂದು ಬೇಲಿ. ಈ ಪದ್ಧತಿಯಲ್ಲಿ ಸಿಓಟು ತೀರಾ ಇಳಿಯುವುದೂ, ದೊಡ್ಡ ಮಟ್ಟದ ಐವಿಎಚ್ ಆಗುವುದೂ ಕಡಿಮೆ ಅಂತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡಿದೆ. ಮೊದಲ ಮೂರು ದಿನ ಸಿಓಟು 45ರಿಂದ 55ರ ನಡುವೆ ಇರಲಿ ಅನ್ನುವುದು ನನ್ನ ರೂಢಿ. 35ಕ್ಕಿಂತ ಕೆಳಗೆ ಹೋದರೆ ಅದು ತುರ್ತು ಅಂತಲೇ ತಿಳಿಯಿರಿ. 60 ದಾಟಿದರೂ ಹಾಗೆಯೇ. ಆದರೆ 75 ಬಂತು ಅಂತ ಗಾಬರಿಯಾಗಿ ಒಂದೇ ಏಟಿಗೆ 40ಕ್ಕೆ ಇಳಿಸಬೇಡಿ, ಆ ಜಾರುವಿಕೆಯೇ ತಲೆಗೆ ಪೆಟ್ಟು. ಟ್ಯೂಬ್ ಕಟ್ಟಿಕೊಂಡಿದೆಯೇ, ಜಾರಿದೆಯೇ, ಎದೆಯಲ್ಲಿ ಗಾಳಿ ಸೋರಿದೆಯೇ ಅಂತ ಮೊದಲು ನೋಡಿ. ಅವು ಇಲ್ಲದಿದ್ದರೆ ಸಣ್ಣ ಹೆಜ್ಜೆ ಇಡಿ, 20-30 ನಿಮಿಷಕ್ಕೆ ಮತ್ತೆ ಅಳೆಯಿರಿ.

ಆಸಿಲೇಟರ್ (ಬಹಳ ವೇಗದ ಸಣ್ಣ ಅಲೆಗಳಲ್ಲಿ ಗಾಳಿ ಕೊಡುವ ವೆಂಟಿಲೇಟರ್) ಮೇಲೆ ಹಾಕಿದ್ದರೆ ಇನ್ನೂ ಎಚ್ಚರ ಬೇಕು. ಅದರಲ್ಲಿ ಸಿಓಟು ಹೊರಹೋಗುವುದು ಪ್ರತಿ ಅಲೆಯ ಗಾತ್ರದ ವರ್ಗಕ್ಕೆ ತಕ್ಕಂತೆ, ಹಾಗಾಗಿ ಆಂಪ್ಲಿಟ್ಯೂಡ್ (ಅಲೆಯ ಜೋರು) ಸ್ವಲ್ಪ ಏರಿಸಿದರೂ ಸಿಓಟು ಧಡಕ್ಕನೆ ಬೀಳುತ್ತದೆ.

ನಾಲ್ಕು ಗಂಟೆಗೊಮ್ಮೆ ಗ್ಯಾಸ್ ತೆಗೆದರೆ ನಡುವಿನ ನಾಲ್ಕು ಗಂಟೆ ಕತ್ತಲೆ. ಚರ್ಮದ ಮೇಲಿಡುವ ಟ್ರಾನ್ಸ್‌ಕ್ಯುಟೇನಿಯಸ್ ಸೆನ್ಸರ್ ಇದ್ದರೆ ಹಾಕಿ. ಅದು ಚರ್ಮವನ್ನು ಬಿಸಿ ಮಾಡುತ್ತದೆ, ಆದ್ದರಿಂದ ಚಿಕ್ಕ ಕೂಸಿಗೆ ತಾಪಮಾನ ಕಡಿಮೆ ಇಡಿ, ಎರಡರಿಂದ ನಾಲ್ಕು ಗಂಟೆಗೊಮ್ಮೆ ಜಾಗ ಬದಲಿಸಿ. ಶುರುವಿನಲ್ಲಿ ಒಂದು ಎಬಿಜಿ (ಅಪಧಮನಿಯ ರಕ್ತದ ಗ್ಯಾಸ್) ಜೊತೆ ಹೋಲಿಸಿ ವ್ಯತ್ಯಾಸ ಎಷ್ಟು ಅಂತ ಬರೆದಿಡಿ, ಆಮೇಲೆ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ನೋಡುತ್ತಾ ಹೋಗಿ. ಟ್ಯೂಬ್ ಬಾಯಲ್ಲಿ ಅಳೆಯುವ ಎಂಡ್ ಟೈಡಲ್ ಸಿಓಟುವನ್ನು ಇಷ್ಟು ಚಿಕ್ಕ ಕೂಸಿನಲ್ಲಿ ಪೂರ್ತಿ ನಂಬಬೇಡಿ, ಟ್ಯೂಬ್ ಸುತ್ತ ಗಾಳಿ ಸೋರುತ್ತದೆ, ಉಸಿರೂ ಚಿಕ್ಕದು, ಅಂಕಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಇನ್ನೊಂದು ಮಾತು: ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿದರೆ ಎಬಿಜಿಯಲ್ಲಿ ಸಿಓಟು ಸುಳ್ಳಾಗಿ ಕಡಿಮೆ ಬರುತ್ತದೆ, ಸ್ಯಾಂಪಲ್ ಸುಮ್ನೆ ಟ್ರೇಯಲ್ಲಿ ಕೂತರೆ ಜಾಸ್ತಿ ಬರುತ್ತದೆ. ಎಬಿಜಿ ಮಷಿನ್ ಬೇರೆ ಮಹಡಿಯಲ್ಲಿದ್ದರೆ ಸ್ಯಾಂಪಲ್ ಒಯ್ಯುವವರಿಗೆ ಇದನ್ನು ಅವರ ಭಾಷೆಯಲ್ಲೇ ಬಿಡಿಸಿ ಹೇಳಿ.

ನೆತ್ತಿಯೇ ಕಿಟಕಿ

ಊರಲ್ಲಿ ಅಜ್ಜಿಯಂದಿರು ಕೂಸಿಗೆ ಎರೆಯುವಾಗ ನೆತ್ತಿ ಮುಟ್ಟಿ ನೋಡುತ್ತಾರೆ. ನೆತ್ತಿ ಒಳಗೆ ಹೋಗಿದ್ದರೆ ಕೂಸು ಒಣಗಿದೆ, ಉಬ್ಬಿದ್ದರೆ ಏನೋ ಕೆಟ್ಟದ್ದಾಗಿದೆ ಅಂತ ಅವರಿಗೆ ಗೊತ್ತು. ಇಲ್ಲಿ ಮರಾಠಿಯಲ್ಲಿ ಅದನ್ನು ಟಾಳೂ ಅನ್ನುತ್ತಾರೆ, ಅದಕ್ಕೆ ಎಣ್ಣೆ ತುಂಬುವ ಪದ್ಧತಿ ಇಲ್ಲೂ ಇದೆ. ಮೂಳೆ ಕೂಡದ ಆ ಮೆತ್ತನೆಯ ಜಾಗವೇ ನಮಗೆ ಕಿಟಕಿ. 1979ರಲ್ಲಿ ಹೆನ್ರಿಯೆಟ್ಟಾ ಬಾಡಾ ಮತ್ತು ಜೊತೆಗಾರರು ನವಜಾತ ಶಿಶುಗಳ ಮೆದುಳಿನ ಮುಂಭಾಗದ ಅಪಧಮನಿಯನ್ನು ಡಾಪ್ಲರ್‌ನಿಂದ ನೋಡಿದ ವರದಿ ಬಂತು. ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ, ಕೂಸನ್ನು ವೆಂಟಿಲೇಟರ್‌ನಿಂದ ಕದಲಿಸುವುದೂ ಬೇಡ.

ಶುರು ಮಾಡುವ ಮೊದಲು ಒಂದು ಕಾಗದದ ಕೆಲಸ. ಸೋನೋಗ್ರಫಿ ಮಷಿನ್ ಪಿಸಿಪಿಎನ್‌ಡಿಟಿ (ಭ್ರೂಣದ ಲಿಂಗ ಪತ್ತೆ ತಡೆಯುವ) ಕಾಯ್ದೆಯಡಿ ನೋಂದಣಿ ಆಗಿರಬೇಕು. ಮಹಾರಾಷ್ಟ್ರದಲ್ಲಿ ಇದನ್ನು ಬಿಗಿಯಾಗಿ ನೋಡುತ್ತಾರೆ, ನೋಡಲೇಬೇಕು. ಕೂಸಿನ ತಲೆ ನೋಡುವುದಕ್ಕೆ ತಾನೇ ಅಂತ ಪಕ್ಕದ ಆಸ್ಪತ್ರೆಯಿಂದ ಮಷಿನ್ ಎರವಲು ತರುವುದು, ಹೆಸರು ನೋಂದಾಯಿಸದೆ ಪ್ರೋಬ್ ಹಿಡಿಯುವುದು ಬೇಡ. ಊರಿಂದ ಬಂದು ಸೇರಿದ ಮೊದಲ ವಾರವೇ ನಿಮ್ಮ ಹೆಸರು ಎಲ್ಲಿರಬೇಕು ಅಂತ ಕೇಳಿಕೊಳ್ಳಿ.

ಈಗ ಕೈ ಕೆಲಸ. ಕೈ ತೊಳೆಯಿರಿ, ಪ್ರೋಬ್ ಒರೆಸಿ. ಜೆಲ್ ಬೆಚ್ಚಗಿರಲಿ, ತಣ್ಣನೆಯ ಜೆಲ್ ಒಂದು ಚಮಚ ಬಿದ್ದರೂ 900 ಗ್ರಾಂ ಕೂಸಿಗೆ ಚಳಿ ಹಿಡಿಯುತ್ತದೆ. ಇನ್‌ಕ್ಯುಬೇಟರ್ ಬಾಗಿಲು ಪೂರ್ತಿ ತೆಗೆಯದೆ ಕಿಂಡಿಯಿಂದಲೇ ಕೈ ಹಾಕಿ. ತಲೆ ನೇರವಾಗಿರಲಿ, ಪಕ್ಕಕ್ಕೆ ಹೊರಳಿಸಬೇಡಿ, ಕುತ್ತಿಗೆಯ ರಕ್ತನಾಳ ಒತ್ತಿಕೊಂಡರೆ ತಲೆಯಿಂದ ರಕ್ತ ಇಳಿಯುವುದಕ್ಕೇ ತಡೆಯಾಗುತ್ತದೆ. ಚಿಕ್ಕ ಮುಖದ ಪ್ರೋಬ್, 7-8 ಮೆಗಾಹರ್ಟ್ಜ್ ಸುತ್ತಮುತ್ತ, ನೆತ್ತಿ ಮೇಲೆ ಇಡಿ. ಇಡಿ ಅಂದೆ, ಒತ್ತಿ ಅನ್ನಲಿಲ್ಲ. ಒತ್ತಿದರೆ ತಲೆಯೊಳಗಿನ ಒತ್ತಡ ಏರಿ ಹರಿವು ಬದಲಾಗುತ್ತದೆ, ನೀವು ನೋಡಬೇಕಾದದ್ದನ್ನು ನೀವೇ ಕೆಡಿಸಿದಂತೆ. ಕಿರುಬೆರಳನ್ನು ಹಣೆಯ ಮೇಲೆ ಊರಿ ಕೈ ತೇಲಿಸಿ ಹಿಡಿಯುವುದನ್ನು ಅಭ್ಯಾಸ ಮಾಡಿ.

ಮೊದಲು ಸಾದಾ ಚಿತ್ರ ನೋಡಿ. ರಕ್ತಸ್ರಾವ ಇದೆಯೇ, ಕುಹರ ಹಿಗ್ಗಿದೆಯೇ ಅಂತ. ಆಮೇಲೆ ಮುಂದಿನಿಂದ ಹಿಂದಕ್ಕೆ ನಡುಗೆರೆಯಲ್ಲಿ ಪ್ರೋಬ್ ತಿರುಗಿಸಿ ಬಣ್ಣದ ಡಾಪ್ಲರ್ ಹಾಕಿ. ಕಾರ್ಪಸ್ ಕ್ಯಾಲೋಸಮ್‌ನ (ಮೆದುಳಿನ ಎರಡು ಅರ್ಧಗಳನ್ನು ಜೋಡಿಸುವ ಪಟ್ಟಿ) ಮುಂದಿನ ಬಾಗನ್ನು ಸುತ್ತಿಕೊಂಡು ಮೇಲೆ ಬರುವ ನಾಳ ಕಾಣುತ್ತದೆ. ಅದೇ ಮುಂಭಾಗದ ಸೆರೆಬ್ರಲ್ ಅಪಧಮನಿ. ಬಾಗಿನ ಕೆಳಗೆ ಅದು ಪ್ರೋಬ್ ಕಡೆಗೆ ನೇರ ಬರುತ್ತಿರುವ ಜಾಗದಲ್ಲಿ ಗೇಟ್ (ವೇಗ ಅಳೆಯುವ ಜಾಗದ ಗುರುತು) ಇಡಿ, 1-2 ಮಿಮೀ ಸಾಕು. ಕೋನ 20 ಡಿಗ್ರಿಯೊಳಗೆ ಇದ್ದರೆ ವೇಗದ ಅಂಕಿ ನಂಬಬಹುದು.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ವಾಲ್ ಫಿಲ್ಟರ್. ಅದು ಎತ್ತರದಲ್ಲಿದ್ದರೆ ಡಯಾಸ್ಟೊಲಿಯ (ಎರಡು ಬಡಿತದ ನಡುವೆ ಹೃದಯ ಸಡಿಲವಾಗುವ ಹೊತ್ತು) ನಿಧಾನ ಹರಿವನ್ನು ಮಷಿನ್ ಅಳಿಸಿಬಿಡುತ್ತದೆ, ಪರದೆಯಲ್ಲಿ ಹರಿವೇ ಇಲ್ಲದಂತೆ ಕಾಣುತ್ತದೆ. ಎಲ್ಲರೂ ಗಾಬರಿಯಾಗಿ ಪಿಡಿಎ (ಹುಟ್ಟಿದ ಮೇಲೆ ಮುಚ್ಚಬೇಕಾದ ಹೃದಯದ ಹತ್ತಿರದ ನಾಳ ತೆರೆದೇ ಇರುವುದು) ಅಂತ ಎಕೋಗೆ (ಹೃದಯದ ಸ್ಕ್ಯಾನ್) ಓಡುತ್ತಾರೆ. ಫಿಲ್ಟರ್ ಕೆಳಗಿಳಿಸಿ, ಸ್ಕೇಲ್ ಕೂಡ ಇಳಿಸಿ, ಮತ್ತೆ ನೋಡಿ. ದೊಡ್ಡವರ ಕುತ್ತಿಗೆ ನೋಡುವ ಸೆಟ್ಟಿಂಗ್ ಕೂಸಿನ ತಲೆಗೆ ಆಗಿಬರುವುದಿಲ್ಲ.

ಸಮವಾದ ಐದಾರು ಅಲೆ ಸಿಕ್ಕ ಮೇಲೆ ಲೆಕ್ಕ. ಅಲೆಯ ತುದಿಯ ವೇಗದಿಂದ ಡಯಾಸ್ಟೊಲಿ ಕೊನೆಯ ವೇಗ ಕಳೆಯಿರಿ, ಬಂದದ್ದನ್ನು ತುದಿಯ ವೇಗದಿಂದ ಭಾಗಿಸಿ. ಅದೇ ಆರ್‌ಐ. ತುದಿ 40, ಕೊನೆ 10 ಇದ್ದರೆ ಆರ್‌ಐ 0.75. ಕೋನ ಸ್ವಲ್ಪ ತಪ್ಪಿದರೂ ಈ ಅನುಪಾತ ಕೆಡುವುದಿಲ್ಲ, ಅದಕ್ಕೇ ಎಲ್ಲರೂ ಇದನ್ನು ಬಳಸುತ್ತಾರೆ. ಅವಧಿ ತುಂಬಿದ ಕೂಸಿನಲ್ಲಿ ಸುಮಾರು 0.7ರ ಆಸುಪಾಸು, ಮುಂಚೆ ಹುಟ್ಟಿದ ಕೂಸಿನಲ್ಲಿ ಸ್ವಲ್ಪ ಜಾಸ್ತಿ.

ಆದರೆ ಆರ್‌ಐ ಒಂದನ್ನೇ ಹಿಡಿದು ತೀರ್ಪು ಕೊಡಬೇಡಿ. ಅದು ಏರಲು ಕಾರಣ ಹಲವು: ಪಿಡಿಎ ದೊಡ್ಡದಿದ್ದರೆ ಡಯಾಸ್ಟೊಲಿಯಲ್ಲಿ ರಕ್ತ ಶ್ವಾಸಕೋಶದ ಕಡೆ ಕದ್ದುಹೋಗುತ್ತದೆ, ತಲೆಯೊಳಗಿನ ಒತ್ತಡ ಏರಿದ್ದರೆ ಏರುತ್ತದೆ, ಸಿಓಟು ಇಳಿದು ನಾಳ ಬಿಗಿದಿದ್ದರೆ ಏರುತ್ತದೆ, ಹೃದಯದ ಬಡಿತ ನಿಧಾನವಾದರೂ ಏರುತ್ತದೆ, ನಿಮ್ಮ ಕೈ ಒತ್ತಿದರೂ ಏರುತ್ತದೆ. ಸಿಓಟು ಏರಿದರೆ, ಬಡಿತ ಜೋರಾದರೆ ಇಳಿಯುತ್ತದೆ. ಹಾಗಾಗಿ ಆರ್‌ಐ ಬರೆಯುವಾಗ ಪಕ್ಕದಲ್ಲೇ ಆ ಹೊತ್ತಿನ ಸಿಓಟು, ಸರಾಸರಿ ಬಿಪಿ, ಹಾರ್ಟ್ ರೇಟ್, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಪ್ರೆಶರ್), ಸರಾಸರಿ ಏರ್‌ವೇ ಪ್ರೆಶರ್ ಬರೆಯಿರಿ. ಇವಿಲ್ಲದ ಆರ್‌ಐ ಫೈಲಿನಲ್ಲಿ ಇದ್ದೂ ಇಲ್ಲದಂತೆ. ನನ್ನ ಯೂನಿಟ್‌ನಲ್ಲಿ ಇದನ್ನು ಬರೆಯದ ರಿಪೋರ್ಟನ್ನು ನಾನು ವಾಪಸ್ ಕಳಿಸುತ್ತೇನೆ, ರೆಸಿಡೆಂಟ್‌ಗಳಿಗೆ ಬೇಸರವಾದರೂ ಸರಿ.

ಅಂಕಿಗಿಂತ ಅಲೆಯ ಆಕಾರ ಜಾಸ್ತಿ ಹೇಳುತ್ತದೆ ಅನ್ನುವುದು ನನ್ನ ಅನುಭವ. ಅರ್ಧ ನಿಮಿಷ ಸುಮ್ನೆ ನೋಡುತ್ತಾ ನಿಲ್ಲಿ. ಅಲೆಗಳ ತುದಿ ಒಂದೇ ಎತ್ತರದಲ್ಲಿ ಸಾಲಾಗಿ ಬರುತ್ತಿದ್ದರೆ ನೆಮ್ಮದಿ. ಒಂದು ಎತ್ತರ, ಮುಂದಿನದು ಗಿಡ್ಡ, ಹೀಗೆ ಏರಿಳಿಯುತ್ತಿದ್ದರೆ ಕೂಸು ವೆಂಟಿಲೇಟರ್ ಜೊತೆ ಹೊಡೆದಾಡುತ್ತಿದೆಯೇ ನೋಡಿ. 1983ರಲ್ಲಿ ಪರ್ಲ್‌ಮನ್, ಮೆಕ್‌ಮೆನಮಿನ್, ವೋಲ್ಪ್ ಅವರು ಉಸಿರಾಟದ ತೊಂದರೆ ಇದ್ದ, ವೆಂಟಿಲೇಟರ್ ಮೇಲಿದ್ದ ಕೂಸುಗಳಲ್ಲಿ ಇಂಥ ಜಗ್ಗಾಡುವ ಹರಿವಿಗೂ ಐವಿಎಚ್‌ಗೂ ಗಟ್ಟಿ ಸಂಬಂಧ ಕಂಡರು. ಎರಡು ವರ್ಷದ ನಂತರ, ಸ್ನಾಯುಗಳನ್ನು ತಾತ್ಕಾಲಿಕವಾಗಿ ಸಡಿಲಿಸುವ ಔಷಧಿ ಕೊಟ್ಟಾಗ ಆ ಜಗ್ಗಾಟ ನಿಂತು ಐವಿಎಚ್ ಕಡಿಮೆಯಾಯಿತು ಅಂತಲೂ ತೋರಿಸಿದರು. ಈಗ ನಾವು ಎಲ್ಲರಿಗೂ ಆ ಔಷಧಿ ಕೊಡುವುದಿಲ್ಲ, ಅದಕ್ಕೆ ಅದರದೇ ತೊಂದರೆಗಳಿವೆ. ಈಗಿನ ವೆಂಟಿಲೇಟರ್‌ಗಳು ಕೂಸಿನ ಉಸಿರನ್ನು ಹಿಡಿದು ಅದರ ಜೊತೆಗೇ ಗಾಳಿ ಕೊಡುತ್ತವೆ. ಆದ್ದರಿಂದ ಮೊದಲು ಟ್ರಿಗರ್ (ಕೂಸಿನ ಉಸಿರನ್ನು ಗುರುತಿಸುವ ಸೆಟ್ಟಿಂಗ್) ಸರಿ ಮಾಡಿ, ಕೊಳವೆಯಲ್ಲಿ ನಿಂತ ನೀರು ತೆಗೆಯಿರಿ, ಉಸಿರು ಎಳೆಯುವ ಅವಧಿ ಉದ್ದವಾಯಿತೇ ನೋಡಿ, ನೋವಿದೆಯೇ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಅಲೆ ಸಾಲಿಗೆ ಬರುತ್ತದೆ. ಅದನ್ನು ಕಣ್ಣಾರೆ ಪರದೆಯಲ್ಲಿ ನೋಡಿದ ರೆಸಿಡೆಂಟ್ ಮುಂದೆಂದೂ ಕೊಳವೆಯ ನೀರನ್ನು ಸಣ್ಣದು ಅನ್ನುವುದಿಲ್ಲ.

ಅಪಧಮನಿ ನೋಡಿದ ಮೇಲೆ ಇಂಟರ್ನಲ್ ಸೆರೆಬ್ರಲ್ ವೇನ್ (ಮೆದುಳಿನ ಒಳಗಿನ ಸಿರೆ) ಕೂಡ ನೋಡಿ. ಅದರ ಹರಿವು ನೇರ ಗೆರೆಯಂತೆ ಶಾಂತವಾಗಿರಬೇಕು. ಅದು ಅಪಧಮನಿಯ ಹಾಗೆ ಮಿಡಿಯುತ್ತಿದ್ದರೆ ತಲೆಯಿಂದ ರಕ್ತ ಇಳಿಯುವ ದಾರಿಯಲ್ಲಿ ಒತ್ತಡ ಇದೆ ಅಂತ ಅನುಮಾನಿಸಿ. ಎದೆಯೊಳಗೆ ಪ್ರೆಶರ್ ಜಾಸ್ತಿ ಇಟ್ಟರೆ ಮೇಲಿನ ಮಹಾಸಿರೆಯ ರಕ್ತ ಹೃದಯಕ್ಕೆ ಇಳಿಯಲು ಕಷ್ಟ, ಹೃದಯದಿಂದ ಹೊರಹೋಗುವ ರಕ್ತವೂ ಕಡಿಮೆ. ಶ್ವಾಸಕೋಶ ಸುಧಾರಿಸಿದ ಮೇಲೂ ಹಳೆಯ ಪೀಪ್ ಇಟ್ಟುಕೊಂಡು ಕೂತಿದ್ದೀರಾ ಅಂತ ಒಮ್ಮೆ ಕೇಳಿಕೊಳ್ಳಿ.

ಡಾಪ್ಲರ್ ಶಕ್ತಿ ಆದಷ್ಟು ಕಡಿಮೆ ಇರಲಿ, ಹೊತ್ತೂ ಕಡಿಮೆ ಇರಲಿ. ಒಂದು ಸಲಕ್ಕೆ ಐದು ನಿಮಿಷ ಸಾಕು.

ನಿರ್ಸ್: ಹಗಲೂ ರಾತ್ರಿ ಕಾಯುವ ಬೆಳಕು

ಡಾಪ್ಲರ್ ಐದು ನಿಮಿಷ ತೋರಿಸುತ್ತದೆ. ಉಳಿದ 23 ಗಂಟೆ 55 ನಿಮಿಷಕ್ಕೆ ನಿರ್ಸ್. ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕು ಮೂಳೆ, ಚರ್ಮ ದಾಟಿ ಒಳಗೆ ಹೋಗುತ್ತದೆ ಅಂತ 1977ರಲ್ಲಿ ಫ್ರಾನ್ಸ್ ಯೋಬ್ಸಿಸ್ ತೋರಿಸಿದ್ದರು. ಹಣೆ ಮೇಲೆ ಅಂಟಿಸಿದ ಸೆನ್ಸರ್ ಆ ಬೆಳಕು ಬಿಟ್ಟು, ಹಿಂತಿರುಗಿ ಬಂದದ್ದನ್ನು ಅಳೆದು, ಮೆದುಳಿನ ರಕ್ತದಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಅಂತ ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. ಸ್ಯಾಚುರೇಶನ್ ಪ್ರೋಬ್ ನೋಡುವುದು ಅಪಧಮನಿ ಮಾತ್ರ. ನಿರ್ಸ್ ನೋಡುವುದರಲ್ಲಿ ಸುಮಾರು ಮುಕ್ಕಾಲು ಪಾಲು ಸಿರೆಯ ರಕ್ತ, ಅಂದರೆ ಮೆದುಳು ತನಗೆ ಬೇಕಾದಷ್ಟು ಬಳಸಿ ಬಿಟ್ಟ ರಕ್ತ.

ಆದ್ದರಿಂದ ನಿರ್ಸ್ ನೇರವಾಗಿ ಹರಿವನ್ನು ಅಳೆಯುವುದಿಲ್ಲ, ಬಂದದ್ದು ಎಷ್ಟು, ಖರ್ಚಾದದ್ದು ಎಷ್ಟು ಅನ್ನುವ ಜಮಾಖರ್ಚು ಅದು. ಸ್ಯಾಚುರೇಶನ್, ಹಿಮೋಗ್ಲೋಬಿನ್, ಮೆದುಳಿನ ಖರ್ಚು ಮೂರೂ ಬದಲಾಗದೆ ನಿರ್ಸ್ ಇಳಿದರೆ ಆಗ ಹರಿವು ಇಳಿದಿದೆ ಅನ್ನಬಹುದು. ಈ ಲೆಕ್ಕವನ್ನು ಸುಲಭ ಮಾಡಲು ಎಫ್‌ಟಿಓಇ ಇದೆ: ಸ್ಯಾಚುರೇಶನ್‌ನಿಂದ ನಿರ್ಸ್ ಕಳೆದು, ಸ್ಯಾಚುರೇಶನ್‌ನಿಂದ ಭಾಗಿಸಿ. ಸ್ಯಾಚುರೇಶನ್ 92, ನಿರ್ಸ್ 69 ಆದರೆ 0.25, ಅಂದರೆ ಬಂದ ಆಕ್ಸಿಜನ್‌ನಲ್ಲಿ ಕಾಲು ಭಾಗ ಮೆದುಳು ತೆಗೆದುಕೊಂಡಿದೆ, ಸರಿ. ಅದೇ ಸ್ಯಾಚುರೇಶನ್‌ನಲ್ಲಿ ನಿರ್ಸ್ 51 ಆದರೆ 0.45. ಸಾಲದೆ ಬಂದದ್ದರಲ್ಲೇ ಹೆಚ್ಚು ಕಿತ್ತುಕೊಳ್ಳುತ್ತಿದೆ.

ಸೆನ್ಸರ್ ಹಚ್ಚುವುದು ಸಿಸ್ಟರ್‌ಗಳ ಕೆಲಸ, ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಆದರೂ: ಹಣೆಯ ಎಡಕ್ಕೋ ಬಲಕ್ಕೋ ಇಡಿ, ನಡುಗೆರೆ ಬೇಡ, ಅಲ್ಲಿ ದೊಡ್ಡ ಸಿರೆ ಇದೆ. ಕೂದಲಿನ ಮೇಲೆ, ಬಾವಿನ ಮೇಲೆ ಬೇಡ. 25 ವಾರದ ಕೂಸಿನ ಚರ್ಮ ಸುಲಿದುಬರುತ್ತದೆ, ಆದ್ದರಿಂದ ತೆಳುವಾದ ರಕ್ಷಣೆಯ ಪದರ ಹಾಕಿ ಅದರ ಮೇಲೆ ಇಡಿ, ಪಟ್ಟಿ ಬಿಗಿಯಬೇಡಿ. ಫೋಟೊಥೆರಪಿ ಬೆಳಕು ಬೀಳದಂತೆ ಮುಚ್ಚಿ. ದೊಡ್ಡವರ ಸೆನ್ಸರ್‌ಗಿಂತ ನವಜಾತ ಶಿಶುವಿನ ಸೆನ್ಸರ್ ಸುಮಾರು 10 ಅಂಕಿ ಜಾಸ್ತಿ ತೋರಿಸುತ್ತದೆ, ಹಾಗಾಗಿ ನಡುವೆ ಸೆನ್ಸರ್ ಜಾತಿ ಬದಲಿಸಿದರೆ ಕೂಸು ಸುಧಾರಿಸಿತು ಅಂತ ಮೋಸ ಹೋಗುತ್ತೀರಿ. ದೊಡ್ಡವರ ಸೆನ್ಸರ್ ಲೆಕ್ಕದಲ್ಲಿ 55ರಿಂದ 85 ಸರಿಯಾದ ಹಂತ ಅಂತ ಇಟ್ಟುಕೊಂಡಿದ್ದಾರೆ.

ಅಂಕಿ ಇಳಿಯಿತು. ಒಂದೆರಡು ನಿಮಿಷದ ಇಳಿತಕ್ಕೆ ಓಡಬೇಡಿ, ಉಳಿದುಕೊಂಡರೆ ಏಳಿ. ಮೊದಲು ಸೆನ್ಸರ್ ಬಿಟ್ಟಿದೆಯೇ ನೋಡಿ. ಆಮೇಲೆ ಸಿಓಟು, ನಾನು ಯಾವಾಗಲೂ ಇಲ್ಲಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಇದು ನಾವೇ ಮಾಡಿದ ತಪ್ಪಾಗಿರುವ ಸಾಧ್ಯತೆ ಜಾಸ್ತಿ ಮತ್ತು ಬೇಗ ಸರಿಪಡಿಸಬಹುದು. ಸಿಓಟು 30 ಇದ್ದರೆ ವೆಂಟಿಲೇಟರ್ ಇಳಿಸಿ. ಆಮೇಲೆ ಸ್ಯಾಚುರೇಶನ್. ಆಮೇಲೆ ಬಿಪಿ ಮತ್ತು ಹೃದಯ. ಸರಾಸರಿ ಬಿಪಿ ಎಷ್ಟು ವಾರದ ಕೂಸೋ ಅಷ್ಟಾದರೂ ಇರಲಿ ಅನ್ನುವ ಲೆಕ್ಕ ಎಲ್ಲರ ಬಾಯಲ್ಲಿದೆ, ಆದರೆ ಬಿಪಿ ಸರಿ ಇದ್ದೂ ಹರಿವು ಕಡಿಮೆ ಇರಬಹುದು. ಹಾಗಾಗಿ ಎಕೋ ಮಾಡುವವರಿದ್ದರೆ ಕರೆಯಿರಿ, ಪಿಡಿಎ ನೋಡಿ. ಏರ್‌ವೇ ಪ್ರೆಶರ್ ಜಾಸ್ತಿ ಇದೆಯೇ? ಹಿಮೋಗ್ಲೋಬಿನ್ ಎಷ್ಟು? ದಿನಾ ರಕ್ತ ತೆಗೆದು ತೆಗೆದು ನಾವೇ ಕಡಿಮೆ ಮಾಡಿರುತ್ತೇವೆ. ಕೊನೆಗೆ ಬೋಲಸ್ (ಒಮ್ಮೆಗೇ ಕೊಡುವ ದ್ರವ), ಔಷಧಿ. ಇಳಿದ ಕೂಡಲೇ ಸಲೈನ್ ಸುರಿಯುವ ಅಭ್ಯಾಸ ಬೇಡ. ಬೇಗ ಸುರಿದ ಬೋಲಸ್ ಆ ಒದ್ದೆ ಕಾಗದದ ನಾಳಗಳಿಗೆ ಹೊಡೆತ.

ಅಂಕಿ ಏರಿದರೆ ಎಲ್ಲರೂ ಸಂತೋಷಪಡುತ್ತಾರೆ, ಅದೂ ಪರೀಕ್ಷಿಸಬೇಕಾದದ್ದೇ. 90 ಬಂದಿದ್ದರೆ ಆಕ್ಸಿಜನ್ ಜಾಸ್ತಿ ಆಗಿರಬಹುದು, ಸಿಓಟು ಏರಿರಬಹುದು. ಹುಟ್ಟುವಾಗ ಉಸಿರುಗಟ್ಟಿದ ಕೂಸಿನಲ್ಲಿ ಅದಕ್ಕೆ ಇನ್ನೊಂದು ಅರ್ಥ ಇದೆ: ಪೆಟ್ಟು ತಿಂದ ಮೆದುಳು ಆಕ್ಸಿಜನ್ ಬಳಸುತ್ತಲೇ ಇಲ್ಲ. ಇಂಥ ಕೂಸನ್ನು 33.5 ಡಿಗ್ರಿಗೆ ತಂಪು ಮಾಡಿ 72 ಗಂಟೆ ಇಡುತ್ತೇವೆ. ತಂಪಾದ ದೇಹ ಸಿಓಟು ಕಡಿಮೆ ತಯಾರಿಸುತ್ತದೆ, ಕೂಸು ಆಸಿಡೋಸಿಸ್‌ನಿಂದ (ರಕ್ತದಲ್ಲಿ ಆಮ್ಲ ಹೆಚ್ಚಾಗಿ) ತಾನೂ ಜೋರಾಗಿ ಉಸಿರಾಡುತ್ತಿರುತ್ತದೆ, ನಾವು ವೆಂಟಿಲೇಟರ್ ಸೆಟ್ಟಿಂಗ್ ಹಾಗೇ ಬಿಟ್ಟಿರುತ್ತೇವೆ. ಸಿಓಟು 25ಕ್ಕೆ ಬಂದಿರುತ್ತದೆ. ತಂಪು ಮಾಡುವಾಗ ಗ್ಯಾಸ್ ಮಷಿನ್‌ಗೆ ಕೂಸಿನ ತಾಪಮಾನ ಹಾಕಿ ಓದಿ. ಇವರಲ್ಲಿ ಆರ್‌ಐ 0.55ಕ್ಕಿಂತ ಕೆಳಗೆ ಬಂದರೆ ಕೆಟ್ಟ ಸೂಚನೆ ಅಂತ ತಂಪು ಚಿಕಿತ್ಸೆ ಬರುವ ಮೊದಲಿನಿಂದ ಹೇಳುತ್ತಾರೆ, ತಂಪು ಮಾಡುತ್ತಿರುವಾಗ ಅದರ ಭರವಸೆ ಕಡಿಮೆ. ಅದೊಂದನ್ನೇ ಹಿಡಿದು ತಂದೆ ತಾಯಿಗೆ ಕೆಟ್ಟ ಸುದ್ದಿ ಹೇಳಬೇಡಿ.

ನಿರ್ಸ್ ಇಲ್ಲದ ಯೂನಿಟ್‌ನವರು ತಮ್ಮನ್ನು ಕೀಳಾಗಿ ಕಾಣಬೇಕಿಲ್ಲ. 28 ವಾರಕ್ಕಿಂತ ಮುಂಚೆ ಹುಟ್ಟಿದ 1601 ಕೂಸುಗಳ ಮೇಲೆ ಮಾಡಿದ ಸೇಫ್‌ಬೂಸ್ಕ್-3 ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮೊದಲ 72 ಗಂಟೆ ನಿರ್ಸ್ ನೋಡಿ ಚಿಕಿತ್ಸೆ ಬದಲಿಸಿದವರಲ್ಲೂ, ಮಾಮೂಲಿ ಆರೈಕೆಯವರಲ್ಲೂ ಸಾವು ಅಥವಾ ಗಂಭೀರ ಮೆದುಳಿನ ಪೆಟ್ಟು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ಸೆನ್ಸರ್ ದುಬಾರಿ, ಬಿಲ್ ಕಟ್ಟುವವರು ಬಡವರು. ಇದ್ದರೆ ಅದನ್ನು ಇನ್ನೊಂದು ಕಣ್ಣಾಗಿ ಬಳಸಿ. ಇಲ್ಲದಿದ್ದರೆ ಸಿಓಟು, ಟೈಡಲ್ ವಾಲ್ಯೂಮ್ (ಪ್ರತಿ ಉಸಿರಿನ ಗಾಳಿ), ನೆತ್ತಿ ಡಾಪ್ಲರ್ ಇಷ್ಟನ್ನು ಶ್ರದ್ಧೆಯಿಂದ ಮಾಡಿದರೆ ದೊಡ್ಡ ಕೆಲಸವೇ ಆಗುತ್ತದೆ.

ಮುಟ್ಟುವ ಕೈ

ನಿರ್ಸ್ ಹಾಕಿಟ್ಟು ಸಕ್ಷನ್ ಮಾಡುವುದನ್ನು ಒಮ್ಮೆ ನೋಡಿ. ಬಿಪಿ ಜಿಗಿಯುತ್ತದೆ, ಮೆದುಳಿನ ಆಕ್ಸಿಜನ್ ಕುಣಿಯುತ್ತದೆ. ಗಂಟೆಗೊಮ್ಮೆ ರೂಢಿಗೆ ಅಂತ ಸಕ್ಷನ್ ಮಾಡಬೇಡಿ, ಬೇಕಾದಾಗ ಮಾತ್ರ, ಇಬ್ಬರು ನಿಂತು, ಬೇಗ ಮುಗಿಸಿ. ಹೊಕ್ಕುಳಿನ ಆರ್ಟೀರಿಯಲ್ ಲೈನ್‌ನಿಂದ ರಕ್ತ ಸರಕ್ಕನೆ ಎಳೆದರೆ ತಲೆಯ ರಕ್ತವೂ ಒಂದು ಕ್ಷಣ ಇಳಿಯುತ್ತದೆ, ಅರ್ಧ ನಿಮಿಷಕ್ಕೂ ಜಾಸ್ತಿ ತೆಗೆದುಕೊಂಡು ನಿಧಾನ ಎಳೆಯಿರಿ. ಮೊದಲ 72 ಗಂಟೆ ತಲೆ ನೇರ, ಹಾಸಿಗೆಯ ತಲೆಭಾಗ ಸ್ವಲ್ಪ ಎತ್ತರ, ಡೈಪರ್ ಬದಲಿಸುವಾಗ ಕಾಲೆತ್ತಿ ಸೊಂಟ ಮೇಲೆತ್ತುವುದು ಬೇಡ, ಪಕ್ಕಕ್ಕೆ ಸ್ವಲ್ಪ ಸರಿಸಿ ಬದಲಿಸಿ.

ಮನೆಯವರಿಗೆ ಹೇಳುವುದು

ಹಿಂಜವಡಿ ಕಡೆ ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ ಕಡೆಯ ಕುಟುಂಬಗಳ ಕೂಸುಗಳು ನಮ್ಮಲ್ಲಿಗೂ ಬರುತ್ತವೆ. ಮರಾಠಿಯಲ್ಲಿ, ಹಿಂದಿಯಲ್ಲಿ ಹೇಳಿದ್ದಕ್ಕೆಲ್ಲ ಅಪ್ಪ ತಲೆ ಆಡಿಸುತ್ತಾನೆ, ಸಹಿ ಹಾಕುತ್ತಾನೆ. ನಾನು ಕನ್ನಡದಲ್ಲಿ ಮಾತಾಡಿಸಿದ ಮೇಲೆಯೇ ನಿಜವಾದ ಪ್ರಶ್ನೆ ಹೊರಬರುತ್ತದೆ: "ಡಾಕ್ಟ್ರೇ, ನೆತ್ತಿ ಮ್ಯಾಲ ಅದೇನೋ ಇಡ್ತೀರಲ್ರಿ, ಕೂಸಿಗೆ ನೋವಾಗಂಗಿಲ್ಲೇನ್ರಿ?" ನೋವಾಗುವುದಿಲ್ಲ ಯಜಮಾನ್ರೇ, ಅದು ಬರೀ ಸದ್ದಿನ ಅಲೆ, ತಲೆಗೆ ರಕ್ತ ಹೇಗೆ ಹೋಗುತ್ತಿದೆ ಅಂತ ನೋಡುತ್ತೇವೆ ಅಂತ ಪರದೆ ತಿರುಗಿಸಿ ತೋರಿಸಿ. ನಿಮಗೆ ಕನ್ನಡ ಬರುತ್ತದೆ ಅನ್ನುವುದು ಆ ಮನೆಯವರಿಗೆ ದೊಡ್ಡ ಆಸರೆ, ಅದನ್ನು ಬಳಸಿ. ಅಂಕಿ ಬೇಡ. ಈ ಮೂರು ದಿನ ಯಾಕೆ ಮುಖ್ಯ, ಯಾಕೆ ಜಾಸ್ತಿ ಮುಟ್ಟಬಾರದು, ಅಮ್ಮ ಕೂಸಿನ ಮೇಲೆ ಕೈ ಕದಲಿಸದೆ ಹೇಗೆ ಇಡಬೇಕು, ಇಷ್ಟು ಹೇಳಿ.

ಸ್ಕ್ಯಾನ್ ಮುಗಿದ ಮೇಲೆ ಕೂದಲಿನ ಜೆಲ್ಲನ್ನು ಬೆಚ್ಚಗಿನ ನೀರಲ್ಲಿ ಒರೆಸಿ, ಟೋಪಿ ಹಾಕಿ. ಪಿವಿಎಲ್ ಗುಳ್ಳೆಗಳು ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರದ ಸೋನೋಗ್ರಫಿ ಚೆನ್ನಾಗಿದೆ ಅಂತ ಅಲ್ಲಿಗೇ ಬಿಡುವಂತಿಲ್ಲ, ನಾಲ್ಕನೇ ವಾರಕ್ಕೊಮ್ಮೆ, ಅವಧಿ ತುಂಬುವ ಹೊತ್ತಿಗೆ ಮತ್ತೊಮ್ಮೆ ನೋಡಲೇಬೇಕು. ಆದರೆ ಡಿಸ್ಚಾರ್ಜ್ ಆದ ಕೂಡಲೇ ಈ ಕುಟುಂಬಗಳು ಬಾಣಂತನಕ್ಕೆ ಅಂತ ಊರಿನ ರೈಲು ಹತ್ತುತ್ತವೆ. ಆದ್ದರಿಂದ ಕಾರ್ಡಿನ ಮೇಲೆ ಮುಂದಿನ ತಲೆ ಸೋನೋಗ್ರಫಿಯ ತಾರೀಕನ್ನು ಕನ್ನಡದಲ್ಲೂ ದಪ್ಪಕ್ಷರದಲ್ಲಿ ಬರೆಯಿರಿ, ಅವರ ಊರಿಗೆ ಹತ್ತಿರದ ಜಿಲ್ಲಾ ಆಸ್ಪತ್ರೆ ಯಾವುದು ಅಂತ ಕೇಳಿ ಅದನ್ನೂ ಬರೆಯಿರಿ, ಹಳೆಯ ಚಿತ್ರಗಳನ್ನು ಕೈಗೆ ಕೊಟ್ಟು ಕಳಿಸಿ.